ನಿಂತ ಗೆರೆ, ಮಲಗಿದ ಗೆರೆ

ನಿನ್ನೆ ಮುಂಜಾನೆ ನಾನು ನಮ್ಮ ಮನೆಯ ಗಾಜಿಗೆ ಹಣೆ ಬಡಿದುಕೊಂಡೆ. ಬಾಲ್ಕನಿಯಲ್ಲಿರುವ ಕರಿಬೇವಿನ ಕುಂಡಕ್ಕೆ ನೀರು ಹಾಕಬೇಕೆಂದು ತಂಬಿಗೆ ಹಿಡಿದು ಹೊರಟಿದ್ದೆ. ಬಾಗಿಲು ತೆರೆದೇ ಇದೆಯೆಂದು ಧೈರ್ಯವಾಗಿ ನಡೆದೆ. ಬಾಗಿಲು ಮುಚ್ಚಿತ್ತು. ಹಿಂದಿನ ದಿನವಷ್ಟೇ ಸೊಸೆ ಸುನಂದಾ ಅದರ ಗಾಜನ್ನು ಒರೆಸಿ ಇಟ್ಟಿದ್ದಳು. ತಂಬಿಗೆಯ ನೀರಿನಲ್ಲಿ ಅರ್ಧ ನನ್ನ ಸೀರೆಗೆ ಹೋಯಿತು, ಅರ್ಧ ನೆಲಕ್ಕೆ ಹೋಯಿತು, ಕರಿಬೇವಿಗೆ ಒಂದು ಹನಿಯೂ ಸಿಗಲಿಲ್ಲ.

ಸದ್ದು ಕೇಳಿ ಸುನಂದಾ ಓಡಿ ಬಂದಳು. ಮೊದಲು ನನ್ನನ್ನು ನೋಡಿದಳು, ಆಮೇಲೆ ಗಾಜನ್ನು ನೋಡಿದಳು. ಈ ಕ್ರಮವನ್ನು ಬೇಕೆಂದೇ ಹೇಳುತ್ತಿದ್ದೇನೆ. ಎಲ್ಲ ಸೊಸೆಯಂದಿರೂ ಇದೇ ಕ್ರಮದಲ್ಲಿ ನೋಡುತ್ತಾರೆಂದು ನನಗೆ ನಂಬಿಕೆಯಿಲ್ಲ. "ಆಯಿ, ಭಾಳ ಹತ್ತೇತೇನ್ರಿ?" ಎಂದಳು. ಮರಾಠಿ ಸಾಲೆಯಲ್ಲಿ ಕಲಿತವಳು, ನನ್ನನ್ನು ಮರಾಠಿಯವರ ಹಾಗೆ ಆಯಿ ಎಂದೇ ಕರೆಯುತ್ತಾಳೆ. ಇಲ್ಲವೆಂದೆ. ಖಾತ್ರಿಯಾದ ಮೇಲೆ ಅವಳ ಕಣ್ಣು ಗಾಜಿನ ಮೇಲೆ ಹೋಗಿ ನಿಂತಿತು. ನಾನು ಆಗಷ್ಟೇ ಜಳಕ ಮಾಡಿ ವಿಭೂತಿ ಹಚ್ಚಿಕೊಂಡು ಬಂದಿದ್ದೆ. ನನ್ನ ಹಣೆಯ ಮೂರು ಗೆರೆಗಳೂ ಗಾಜಿನ ಮೇಲೆ ಅಚ್ಚುಕಟ್ಟಾಗಿ ಮೂಡಿದ್ದವು.

ಅವಳು ನೀಲಿ ನೀರಿನ ಬಾಟಲಿ ತಂದು ಅದರ ಕತ್ತು ಹಿಡಿದು ಒಂದು ಸಲ ಚಿಮ್ಮಿಸಿದಳು. ಆ ವಾಸನೆ ನಿಮಗೂ ಗೊತ್ತಿರಬೇಕು: ಲಿಂಬಿಹಣ್ಣನ್ನು ದವಾಖಾನೆಯಲ್ಲಿ ಮಲಗಿಸಿದರೆ ಹೇಗಿರುತ್ತದೋ ಹಾಗೆ. ಬಟ್ಟೆ ಗಾಜಿಗೆ ತಾಗುವಷ್ಟರಲ್ಲಿ ನಾನು ಅವಳ ಕೈ ಹಿಡಿದೆ.

"ಆ ಗೆರಿ ಒರಸಬ್ಯಾಡ."

"ಯಾಕ್ರಿ?"

"ಅದೊಂದು ದೊಡ್ಡ ಕಥಿ."

ಅವಳಿಗೆ ಆಫೀಸಿಗೆ ಹೊತ್ತಾಗಿತ್ತು. ಕಥೆ ಕೇಳದೆ, ಆದರೆ ಗೆರೆಯನ್ನೂ ಮುಟ್ಟದೆ ಹೋದಳು. ಹೀಗಾಗಿ ನಿಮಗೆ ಹೇಳುತ್ತೇನೆ. ನಿಮಗೆ ಬಿಡುವಿದೆಯೆಂದು ಗೊತ್ತು, ಇಲ್ಲದಿದ್ದರೆ ಇಲ್ಲಿಯವರೆಗೆ ಓದುತ್ತಿರಲಿಲ್ಲ.

ನನ್ನ ತವರುಮನೆ ಸೊಲ್ಲಾಪುರದ ನವಿ ಪೇಠದಲ್ಲಿತ್ತು. ಕೆಳಗೆ ಅಪ್ಪನ ಬಟ್ಟೆ ಅಂಗಡಿ, ಮೇಲೆ ನಾವು. ಇದು ಮೂವತ್ತರ ದಶಕದ ಮಾತು. ಗಿರಣಿಗಳ ಭೋಂಗಾ ಕೂಗಿದರೆ ಊರು ಏಳುತ್ತಿತ್ತು, ಗಿರಣಿಗಳ ಹೊಗೆ ಬಿದ್ದರೆ ಊರು ಕರ್ರಗಾಗುತ್ತಿತ್ತು. ಆ ಮಸಿ ಸಾಮಾನ್ಯ ಮಸಿಯಲ್ಲ, ಎಣ್ಣೆ ಜಿಡ್ಡಿನದು. ಒಣಹಾಕಿದ ಹಪ್ಪಳದ ಮೇಲೆ ಕೂರುತ್ತಿತ್ತು, ಹಾಲಿನ ಕೆನೆಯ ಮೇಲೆ ಕೂರುತ್ತಿತ್ತು, ಮೇಲಿನ ಪಡಸಾಲೆಯಲ್ಲಿ ಅಪ್ಪ ಒಟ್ಟಿಟ್ಟ ಬಿಳಿ ಧೋತರದ ಗಂಟುಗಳ ಮೇಲಂತೂ ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಮಾಲು ತರಲು ಮುಂಬಯಿಗೆ ಹೋದ ಅಪ್ಪ ಅಲ್ಲಿ ಗಾಜಿನ ಕಿಟಕಿಗಳನ್ನು ನೋಡಿ ಬಂದರು. ಬಂದವರು ಸುಮ್ಮನಿರಲಿಲ್ಲ. ಬಾಗಿಲಿನಷ್ಟು ದೊಡ್ಡ ಒಂದೇ ಹಾಳೆ ಗಾಜನ್ನು ಹುಲ್ಲಿನಲ್ಲಿ ಸುತ್ತಿಸಿ ರೈಲಿನಲ್ಲಿ ತರಿಸಿದರು. ಸ್ಟೇಶನ್ನಿನಿಂದ ಮನೆಯ ತನಕ ಚಕ್ಕಡಿಯ ಪಕ್ಕದಲ್ಲಿ, ತುಂಬಿದ ಬಸುರಿಯನ್ನು ಕರೆತರುವವರ ಹಾಗೆ, ಒಂದು ಕೈ ಅದರ ಮೇಲಿಟ್ಟುಕೊಂಡೇ ನಡೆದು ಬಂದರು.

ಪಡಸಾಲೆಯ ಬೀದಿ ಕಡೆಯ ಕಿಟಕಿಗೆ ಅದನ್ನು ಕೂರಿಸಿದರು. ಎರಡೂ ಮಗ್ಗಲಿಗೆ ತೆರೆಯುವ ಕಟ್ಟಿಗೆಯ ಕದ, ನಡುವೆ ಅಲುಗಾಡದ ಗಾಜು. ಇಡೀ ಪೇಠ ನೋಡಲು ಬಂತು. ಬಂದವರೆಲ್ಲ ಅದನ್ನು ಮುಟ್ಟಿ ನೋಡಿದರು. ಮುಟ್ಟಿದ್ದನ್ನು ಒರೆಸಲು ಹೋದಾಗ ನಮಗೆ ಗೊತ್ತಾಯಿತು, ಗಾಜು ತರುವುದು ಬೇರೆ, ಗಾಜು ಸಾಕುವುದು ಬೇರೆ ಎಂದು. ಏನು ಮಾಡಿದರೂ ಗೆರೆ. ಮುಂಜಾನೆ ಒರೆಸಿದರೆ ಏನೂ ಕಾಣುತ್ತಿರಲಿಲ್ಲ. ಸಂಜೆ ಪಡುವಣ ಬಿಸಿಲು ಬಿತ್ತೋ, ನಾವು ಎಲ್ಲೆಲ್ಲಿ ಕೈ ಆಡಿಸಿದ್ದೆವು, ಎಲ್ಲೆಲ್ಲಿ ಬೇಸತ್ತು ಬಿಟ್ಟಿದ್ದೆವು ಎಂಬುದೆಲ್ಲ ಬೀದಿಗೆ ಕಾಣುವಂತೆ ಬೆಳಗುತ್ತಿತ್ತು.

ಇಷ್ಟೇ ಆಗಿದ್ದರೆ ನಗುವ ಮಾತು. ಆದರೆ ಅದೇ ಹೊತ್ತಿಗೆ ನನ್ನನ್ನು ನೋಡಲು ಹುಲಜಂತಿ ಕಡೆಯ ಒಂದು ಮನೆತನದವರು ಬಂದರು. ಉಪ್ಪಿಟ್ಟು ತಿಂದರು, ಚಹಾ ಕುಡಿದರು, ಹುಡುಗನ ಅಕ್ಕ ನನ್ನನ್ನು ನಡೆಸಿ ನೋಡಿದಳು, ಹಾಡಿಸಿ ನೋಡಿದಳು, ಕೊನೆಗೆ ಬಿಸಿಲು ಬಿದ್ದ ಗಾಜನ್ನು ನೋಡಿದಳು. ಕೆಳಗಿಳಿದು ಟಾಂಗಾ ಹತ್ತುವಾಗ ಪಕ್ಕದ ಮನೆಯವರಿಗೆ ಕೇಳುವಂತೆ ಅಂದಳು: "ಇದ್ದದ್ದೊಂದು ಗಾಜ ಸಾಫ ಇಡಾಕ ಬರದವರ ಮಗಳು ನಾಳಿ ನಮ್ಮ ಮನಿ ಏನ ಸಾಫ ಇಟ್ಟಾಳು?"

ಆ ಸಂಬಂಧ ಅಲ್ಲಿಗೇ ಮುರಿಯಿತು. ನಾನು ಜೋಳದ ಭಕ್ಕರಿ ಬಡಿಯುತ್ತೇನೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಪೇಠದ ನಳದ ಹತ್ತಿರ ನಾನು "ಗೆರಿ ಗಾಜಿನ ಹುಡಿಗಿ" ಆದೆ. ಈಗ ನಗುತ್ತ ಬರೆಯುತ್ತಿದ್ದೇನೆ, ಆಗ ಜೋಳದ ಚೀಲಗಳ ಸಂದಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದೆ. ಅಕ್ಕಲಕೋಟದ ಒಂದು ಗೌಡರ ಮನೆಯಿಂದ ಇನ್ನೊಂದು ಮಾತು ಬಂದಿತ್ತು. ಅವರೂ ಹೀಗೇ ಎದ್ದು ಹೋದರೆ ಮುಂದೆ ಯಾರೂ ನಮ್ಮ ಮೆಟ್ಟಿಲು ಹತ್ತುವುದಿಲ್ಲವೆಂದು ಅತ್ತಿ ನನ್ನ ಕಿವಿಗೆ ಬೀಳುವಂತೆಯೇ ಹೇಳಿದಳು.

ಅತ್ತಿ ಎಂದರೆ ಅಪ್ಪನ ಅಕ್ಕ, ಗಂಗತ್ತಿ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು, ಬಂದ ದಿನದಿಂದ ಆ ಮನೆ ತಮ್ಮನದೆಂಬುದನ್ನು ಮರೆತವಳು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳೆಂದರೆ ಅಪ್ಪ ಅಂಗಡಿಗೆ ಇಳಿದುಬಿಡುತ್ತಿದ್ದರು. ಅಕ್ಕಲಕೋಟದವರು ಬರುವ ಮೊದಲು ಗಾಜಿನ ಮೇಲೆ ಒಂದೇ ಒಂದು ಗೆರೆ ಇರಬಾರದು ಎಂದು ಅವಳು ಪಣ ತೊಟ್ಟಳು.

ಕಂದೀಲಿನ ಗಾಜನ್ನು ಬೂದಿಯಲ್ಲಿ ತಿಕ್ಕುವುದು ಎಲ್ಲರಿಗೂ ಗೊತ್ತಿತ್ತು, ಹೀಗಾಗಿ ಮೊದಲು ಒಲೆಯ ಬೂದಿ ಬಂತು. ಕಂದೀಲಿಗೆ ಸರಿಹೋದದ್ದು ಕಿಟಕಿಗೆ ಸರಿಹೋಗಲಿಲ್ಲ, ಮಂಜು ಕವಿದಂತೆ ಬೆಳ್ಳಗಾಯಿತು. ಅಂಟುವಾಳದ ನೊರೆ ಹಚ್ಚಿದಳು. ಒಣಗಿದ ಮೇಲೆ ಗಾಜಿನ ತುಂಬ ಕಾಮನಬಿಲ್ಲು. ಹುಣಸೆಹುಳಿ ಹಿತ್ತಾಳೆಯನ್ನು ಬೆಳಗುತ್ತದೆ ಎಂದು ಅದನ್ನು ಬಳಿದಳು, ನೊಣಗಳು ಬಂದವು. ಎದುರಿನ ಕಿರಾಣಿ ಅಂಗಡಿಯ ಮುದುಕಿಯ ಮಾತು ಕೇಳಿ ಹುಳಿ ಮಜ್ಜಿಗೆ ಬಳಿದಳು, ಬೆಕ್ಕು ಬಂತು. ಚಿಮಣಿ ಎಣ್ಣೆ ಹಾಕಿ ಒರೆಸಿದ ದಿನ ಮಸಿಯೇನೋ ಹೋಯಿತು, ಆದರೆ ಒಲೆ ಹಚ್ಚಲು ಅವ್ವ ಹೆದರಿದ್ದರಿಂದ ಮಧ್ಯಾಹ್ನದ ಅಡುಗೆ ಆಗಲಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ಹಾಕಿದರೆ ಗಾಜು ಹೊಳೆಯಬಹುದೆಂದು ಒಂದು ದಿನ ಗಂಗತ್ತಿಗೆ ಹೊಳೆಯಿತು. ಗಾಜು ಹೊಳೆಯಲಿಲ್ಲ, ನಮ್ಮ ಮನೆಯೊಳಗಿನ ಮಂದಿಯೆಲ್ಲ ವಿಷ ಕುಡಿದವರಂತೆ ಬೀದಿಗೆ ಕಂಡರು. ಸುನಂದಾಳ ನೀಲಿ ಬಾಟಲಿ ನೋಡಿದಾಗಲೆಲ್ಲ ನನಗೆ ಅನಿಸುತ್ತದೆ, ನಮ್ಮತ್ತಿ ಕಾಲಕ್ಕಿಂತ ಮುಂದಿದ್ದಳು, ಪ್ರಮಾಣವೊಂದು ತಪ್ಪಿತ್ತು.

ಆಗ ಅಪ್ಪ ತಮ್ಮ ವಿದ್ಯೆ ತೆಗೆದರು. ಬಟ್ಟೆಯವರಿಗೆ ಜಗತ್ತಿನ ಎಲ್ಲ ರೋಗಕ್ಕೂ ಗಂಜಿಯೇ ಔಷಧ. "ಗಂಜಿ ಹಚ್ಚಿದ್ರ ಎಂಥಾ ಮಾಲೂ ನೆಟ್ಟಗ ನಿಂದರತೈತಿ" ಎಂದು ನೇಕಾರರ ಮನೆಯಿಂದ ಗಟ್ಟಿ ಗಂಜಿ ತರಿಸಿ ಗಾಜಿಗೆ ಧೋತರಕ್ಕೆ ಹಚ್ಚುವಂತೆ ಹಚ್ಚಿಸಿದರು. ಅದು ಒಣಗಿ ಹಪ್ಪಳದಂತೆ ಎದ್ದಿತು. ಅತ್ತಿ ಅಂದು ತಮ್ಮನಿಗೆ ಏನೇನು ಅಂದಳೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಗಂಜಿ ಎದ್ದು ಬಂದ ಕಡೆ ಗಾಜು ನಿಚ್ಚಳವಾಗಿತ್ತು. ಅದನ್ನು ಅವ್ವ ನೋಡಿದಳು. ಮರುದಿನ ಉಗುರುಬೆಚ್ಚಗಿನ ನೀರಿಗೆ ಲಿಂಬಿಹಣ್ಣು ಹಿಂಡಿ, ಒಂದು ಚಿಟಿಕೆ ಗಂಜಿ ಕದಡಿ, ತೆಳು ಅರಿವೆಯಲ್ಲಿ ಸೋಸಿ ಒರೆಸಿದರು. ಅರಿವೆಯ ನೂಲು ಅಂಟುತ್ತಿದೆಯೆಂದು ಕೊನೆಯಲ್ಲಿ ಹಳೆಯ ಪೇಪರಿನಿಂದ ತಿಕ್ಕಿದರು. ಹಳೆಯದು ಮುಗಿದ ಮೇಲೆ ಹೊಸದು ಹೋಯಿತು. "ನಾ ಇನ್ನಾ ಓದಿಲ್ಲವಾ!" ಎಂದು ಅಪ್ಪ ಕೆಳಗಿನಿಂದ ಕೂಗಿದರು. "ಗಾಜಿನ ಮ್ಯಾಲ ಅಚ್ಚ ಬಿದ್ದೈತಿ, ಓದು ಬಾ" ಎಂದಳು ಅತ್ತಿ.

ಇಷ್ಟಾದ ಮೇಲೂ ಒಂದೆರಡು ಗೆರೆ ಉಳಿಯುತ್ತಿದ್ದವು. ಅಲ್ಲಿಂದ ನಿಜವಾದ ಯುದ್ಧ ಶುರುವಾಯಿತು. ಅವ್ವ ಒಳಗೆ ನಿಂತು ಒರೆಸುತ್ತಿದ್ದಳು. ಅತ್ತಿ ನಸುಕಿನಲ್ಲಿ, ಪೇಠ ಏಳುವ ಮೊದಲು, ಅಂಗಡಿಯ ಮುಂದೆ ಇಳಿಬಿಟ್ಟ ತಗಡಿನ ಮೇಲೆ ನಿಂತು ಹೊರಗಿನಿಂದ ಒರೆಸುತ್ತಿದ್ದಳು. ತಗಡಿನ ಸಪ್ಪಳಕ್ಕೆ ಪೇಠ ಎದ್ದೇ ಏಳುತ್ತಿತ್ತು, ಅದು ಬೇರೆ ಮಾತು.

"ಚನ್ನವ್ವಾ, ಈ ಗೆರಿ ನಿನ್ನ ಕಡಿ ಐತಿ."

"ಇಲ್ರಿ ಅಕ್ಕಾರ, ನಿಮ್ಮ ಕಡಿ ಐತಿ."

"ನನ್ನ ಕಡಿ ಹ್ಯಾಂಗ ಇರತೈತಿ? ನಾ ಒರಸೀನಿ."

"ನಾ ಏನ ಮುಸುರಿ ತಿಕ್ಕಾಕತ್ತೀನೇನ್ರಿ?"

ಇದು ಗಾಜಿನ ಜಗಳವಲ್ಲ ಎಂದು ನನಗೆ ಗೊತ್ತಿತ್ತು. ನಾನು ಹುಟ್ಟುವ ಮೊದಲಿನಿಂದಲೂ ಆ ಮನೆಯಲ್ಲಿ ಉಪ್ಪು ಹೆಚ್ಚಾದರೆ, ಹಾಲು ಉಕ್ಕಿದರೆ, ತಪ್ಪು ಯಾವಾಗಲೂ ಆಚೆ ಕಡೆಯದೇ. ಈಗ ನಡುವೆ ಒಂದು ಗಾಜು ಬಂದಿತ್ತು, ಅಷ್ಟೇ. ಆದರೆ ಇವರಿಬ್ಬರ ನಡುವೆ ಸಿಕ್ಕಿದ್ದು ನನ್ನ ಲಗ್ನ. ನನಗೆ ರೇಗಿಹೋಯಿತು.

"ಅತ್ತಿ, ನೀ ಮ್ಯಾಲಿಂದ ಕೆಳಗ ಒರಸು. ಅವ್ವಾ, ನೀ ಅಡ್ಡ ಒರಸು. ಗೆರಿ ನಿಂತಿದ್ರ ಅತ್ತಿದು, ಮಲಗಿದ್ರ ಅವ್ವಂದು" ಎಂದೆ.

ಅಂದಿನಿಂದ ನಿಂತ ಗೆರೆ ಸಿಗಬಾರದೆಂದು ಅತ್ತಿಯೂ ಮಲಗಿದ ಗೆರೆ ಸಿಗಬಾರದೆಂದು ಅವ್ವನೂ ಜೀವ ಕೊಟ್ಟು ತಿಕ್ಕಿದರು. ಅಕ್ಕಲಕೋಟದವರು ಬರುವ ದಿನ ಆ ಕಿಟಕಿಯಲ್ಲಿ ಗಾಜು ಇದೆಯೆಂದು ಹೇಳಲು ಮೂಗು ತಾಗಿಸಿ ನೋಡಬೇಕಾಗಿತ್ತು.

ಅವರು ಹೋಟಗಿ ಮೇಲಿಂದ ಬರುವ ರೈಲುಗಾಡಿಯಲ್ಲಿ ಬಂದರು. ಹುಡುಗನಿಗೆ ತಂದೆಯಿರಲಿಲ್ಲ, ಹೂಂ ಅನ್ನುವುದೂ ಉಹೂಂ ಅನ್ನುವುದೂ ಅವನ ದೊಡ್ಡಪ್ಪನ ಕೈಯಲ್ಲಿತ್ತು. ಬಿಳಿ ಅಂಗಿ, ಬಿಳಿ ಧೋತರ, ತಲೆಗೆ ರುಮಾಲು, ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. ಕಿಟಕಿಯ ಪಕ್ಕದ ಗಾದಿಯ ಮೇಲೆ ಅವರನ್ನು ಕೂಡಿಸಿದರು. ಎರಡೂ ಮಗ್ಗಲಿನ ಕದ ತೆರೆದಿದ್ದವು, ತಣ್ಣಗೆ ಗಾಳಿ ಬರುತ್ತಿತ್ತು. ನಾನು ಇಳಕಲ್ ಸೀರೆ ಉಟ್ಟು ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದೆ. ಹುಡುಗನ ಹೆಬ್ಬೆರಳು ಮಾತ್ರ ಕಾಣುತ್ತಿತ್ತು. ಅದು ಒಳ್ಳೆಯ ಹೆಬ್ಬೆರಳೇ.

"ಗಾಜ ಹಾಕಿಸೀರಿ ಅಂತ ಕೇಳಿದ್ದೆ" ಎಂದರು ದೊಡ್ಡಪ್ಪ ಸುತ್ತ ನೋಡುತ್ತ. "ಗಾಜ ನಮಗೇನ ಹೊಸಾದಲ್ಲ. ನಮ್ಮ ಅಕ್ಕಲಕೋಟದ ರಾಜವಾಡಾದಾಗ ಬೇಕಾದಷ್ಟು ನೋಡೀವಿ. ದೂರಿಂದ ನೋಡಿ ಯಾ ನಮೂನಿದು ಅಂತ ಹೇಳತೀನಿ ನಾ."

ಅಪ್ಪನಿಗೆ ಅದಕ್ಕಿಂತ ಒಳ್ಳೆಯ ಮಾತು ಬೇಕಿರಲಿಲ್ಲ. ಗಾಜು ಅವರ ಕಿವಿಯ ಪಕ್ಕದಲ್ಲೇ ಇತ್ತು. ಅದನ್ನು ತೋರಿಸಲು ಒಳ್ಳೆಯ ಸಮಯ ನೋಡಿ ಹೇಳಬೇಕೆಂದು ಅಪ್ಪ ನಗುತ್ತ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ದೊಡ್ಡಪ್ಪನ ಬಾಯಿ ತುಂಬಿ ಬಂತು. ಅವರು ಪೀಕದಾನಿ ಹುಡುಕಿದರು. ಪೀಕದಾನಿ ಅಲ್ಲಿರಲಿಲ್ಲ. ಅಂದು ಮುಂಜಾನೆ ಉಳಿದ ಹುಣಸೆಹುಳಿಯಲ್ಲಿ ಅದನ್ನೂ ಬೆಳಗೋಣವೆಂದು ಅತ್ತಿ ಹಿತ್ತಲಿಗೆ ಒಯ್ದಿದ್ದಳು, ಅಲ್ಲೇ ಬಿಟ್ಟಿದ್ದಳು.

ಪೀಕದಾನಿ ಇಲ್ಲದ ಕಡೆ ದೊಡ್ಡವರು ಏನು ಮಾಡುತ್ತಾರೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆಗಿನ ನವಿ ಪೇಠದಲ್ಲಿ ನಡೆಯುವವರು ಮುಂದೆ ನೋಡುವುದಕ್ಕಿಂತ ಮೇಲೆ ನೋಡುವುದೇ ಹೆಚ್ಚಿತ್ತು. ನಮ್ಮ ಅಂಗಡಿಯ ತಗಡು ಅಪ್ಪನ ಗಿರಾಕಿಗಳ ದಯದಿಂದ ಅರ್ಧ ಕೆಂಪಾಗಿತ್ತು. ದೊಡ್ಡಪ್ಪ ಕಿಟಕಿಯ ಕಡೆ ತಿರುಗಿದರು. ಅಪ್ಪ "ಗೌಡ್ರ..." ಎಂದರು. ಆದರೆ ತುಂಬಿದ ಬಾಯಿ ಯಾರ ಮಾತೂ ಕೇಳುವುದಿಲ್ಲ. ದೊಡ್ಡಪ್ಪ ರೈತರು, ಎದೆ ಗಟ್ಟಿಯಿತ್ತು. ಬೀದಿಯ ಆಚೆ ಬೀಳುವಂತೆ ಉಗುಳಿದರು.

ಅದು ಬೀದಿಗೆ ಹೋಗಲಿಲ್ಲ. ಹೊಡೆದಷ್ಟೇ ಜೋರಿನಿಂದ ತಿರುಗಿ ಬಂತು. ಅಂಗಿ, ಧೋತರ, ರುಮಾಲು, ಮೀಸೆ ಯಾವುದೂ ಉಳಿಯಲಿಲ್ಲ. ಮಿಕ್ಕದ್ದು ಗಾಜಿನ ಮೇಲೆ ಕೆಂಪಗೆ, ಉದ್ದಕ್ಕೆ, ಸಾವಕಾಶವಾಗಿ ಕೆಳಗಿಳಿಯತೊಡಗಿತು.

ಅಷ್ಟರಲ್ಲಿ ಬಾಗಿಲ ಹಿಂದೆ ನಿಂತಿದ್ದ ಅತ್ತಿಯ ಧ್ವನಿ, ಅವಳಿಗೇ ಅರಿವಿಲ್ಲದೆ, ಕಿತ್ತುಕೊಂಡು ಬಂತು:

"ಗೆರಿ ನಿಂತಾವ ಖರೇ, ಆದ್ರ ನನ್ನವಲ್ಲ!"

ನಾನು ನಕ್ಕೆ. ಸೆರಗು ಬಾಯಿಗೆ ತುರುಕಿಕೊಂಡೆ, ತುಟಿ ಕಚ್ಚಿದೆ, ಏನೂ ಪ್ರಯೋಜನವಾಗಲಿಲ್ಲ. ನೋಡಲು ಬಂದವರ ಮುಂದೆ ಹುಡುಗಿ ಹಲ್ಲು ಕಾಣಿಸಬಾರದು ಎನ್ನುವ ಕಾಲ, ನಾನು ಮಣೆಯ ಮೇಲೆ ಕುಲುಕುಲು ಅಲುಗಾಡಿ ನಕ್ಕೆ. ಅವ್ವ ಗೋಡೆಗೆ ಒರಗಿದಳು. ಈ ಸಂಬಂಧವೂ ಹೋಯಿತು ಎಂದು ನನಗೆ ನಗುತ್ತಿರುವಾಗಲೇ ಗೊತ್ತಾಯಿತು, ಕಣ್ಣಲ್ಲಿ ಬಂದ ನೀರು ನಗುವಿನದೋ ಅಳುವಿನದೋ ತಿಳಿಯಲಿಲ್ಲ.

ಅಪ್ಪ ದೊಡ್ಡಪ್ಪನನ್ನು ಕೈಹಿಡಿದು ಮುಖ ತೊಳೆಯಲು ಹಿತ್ತಲಿಗೆ ಕರೆದೊಯ್ದರು. "ಇದು ಇಲ್ಲೇ ಕುಂತದಲ್ಲೋ!" ಎಂದು ದೊಡ್ಡಪ್ಪ ಅಲ್ಲಿ ಕೂಗಿದ್ದು ಕೇಳಿಸಿತು. ಫಳಫಳ ಹೊಳೆಯುವ ಪೀಕದಾನಿ ಕಣ್ಣಿಗೆ ಬಿದ್ದಿರಬೇಕು.

ಆಗ ಆ ಹೆಬ್ಬೆರಳು ಅಲುಗಾಡಿತು. ಹುಡುಗ ಎದ್ದ. ಮೂಲೆಯಲ್ಲಿ ಉಳಿದಿದ್ದ ಪೇಪರು ತೆಗೆದುಕೊಂಡು, ಲಿಂಬಿ ನೀರಿನ ಗಡಿಗೆಯಲ್ಲಿ ಅದ್ದಿ, ಸುಮ್ಮನೆ ಗಾಜು ಒರೆಸತೊಡಗಿದ. ಗಂಡುಮಗ, ಅದೂ ಗೌಡರ ಮನೆಯವನು, ಹೆಣ್ಣಿನ ಮನೆಯ ಕಿಟಕಿ ಒರೆಸುತ್ತಿದ್ದ! ಯಾರಿಗೂ ತಡೆಯಬೇಕೆಂದು ತೋಚಲಿಲ್ಲ. ನಾನೂ ನೋಡುತ್ತ ಕೂತೆ. ಆದರೆ ಅವನು ಒರೆಸುವ ರೀತಿ ಇದೆಯಲ್ಲ, ಅದನ್ನು ನೋಡಲಾಗಲಿಲ್ಲ. ಗುಂಡಗೆ, ಬೀಸುವ ಕಲ್ಲು ತಿರುಗಿಸಿದ ಹಾಗೆ, ಇದ್ದ ಕೆಂಪನ್ನೆಲ್ಲ ಇಲ್ಲದ ಕಡೆಗೂ ಹಂಚುತ್ತಿದ್ದ. ಎಷ್ಟು ದಿನದ ದುಡಿಮೆ! ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಹಂಗ ಗುಂಡಗ ಒರಸಬ್ಯಾಡ್ರಿ. ಒಳಗಿಂದು ಅಡ್ಡ ಒರಸಬೇಕು."

ಅವನು ತಿರುಗಿ ನೋಡಿದ. ಆಮೇಲೆ ಅಡ್ಡ ಒರೆಸಿದ. ಎರಡು ಸಲ ಅಡ್ಡ, ಮತ್ತೆ ಗುಂಡಗೆ. "ಅಡ್ಡರೀ" ಎಂದೆ. ಮತ್ತೆ ಅಡ್ಡ.

ದೊಡ್ಡಪ್ಪ ಬಾಗಿಲಲ್ಲಿ ನಿಂತಿದ್ದನ್ನು ಯಾರೂ ನೋಡಿರಲಿಲ್ಲ. ಮುಖ ತೊಳೆದ ಮೇಲೆ ವಿಭೂತಿ ಇಲ್ಲದೆ ಬರಬಾರದೆಂದು ಕೇಳಿ ಇಸಿದುಕೊಂಡಿದ್ದರು. ಹಣೆಗೆ ಹಚ್ಚಿಕೊಂಡಾಗಿತ್ತು, ಬೆರಳಲ್ಲಿ ಇನ್ನೂ ಒದ್ದೆ ವಿಭೂತಿಯಿತ್ತು.

"ಏನಪಾ, ಏನ ನಡಿಸೀಯಿದು?" ಎಂದರು.

"ಇಕಿ ಹೇಳಾಕತ್ತಾಳ, ನಾ ಒರಸಾಕತ್ತೀನಿ" ಎಂದ ಹುಡುಗ.

ದೊಡ್ಡಪ್ಪ ಅವನನ್ನು ನೋಡಿದರು, ನನ್ನನ್ನು ನೋಡಿದರು, ತಮ್ಮ ಅಂಗಿಯನ್ನೂ ನೋಡಿಕೊಂಡರು. "ಹೇಳೂದು ಕೇಳೂದು ಈಗಾಗ್ಲೆ ಸುರು ಆಗ್ಯಾವಂದ್ರ ಲಗ್ನ ಅರ್ಧ ಆದಂಗ ಆತು" ಎಂದರು. "ಉಳದರ್ಧ ನಾವು ಮಾಡೂಣು."

ಆಮೇಲೆ ಕಿಟಕಿಯ ಹತ್ತಿರ ಹೋಗಿ, ಒದ್ದೆಯಿದ್ದ ಮೂರು ಬೆರಳನ್ನು ತಮ್ಮ ಕಣ್ಣಿನ ಮಟ್ಟಕ್ಕೆ ಗಾಜಿನ ಮೇಲಿಟ್ಟು ಅಡ್ಡಕ್ಕೆ ಎಳೆದರು. ಮೂರು ಬಿಳಿ ಗೆರೆ.

"ಗಂಗವ್ವಾ, ಗೆರಿ ಬಿತ್ತಂತ ಸಿಟ್ಟಾಗಬ್ಯಾಡ. ಇಷ್ಟು ಸಾಫ ಇಟ್ಟಮ್ಯಾಲ ಇಲ್ಲಿ ಗಾಜ ಐತಿ ಅಂತ ಒಂದ ಗುರುತು ಬೇಕು. ವಿಭೂತಿ ಹಚಗೊಂಡವರ ಮ್ಯಾಲ ಇನ್ನ ಯಾರೂ ಉಗಳಂಗಿಲ್ಲ."

"ಮಲಗಿದ ಗೆರಿ" ಎಂದಳು ಅತ್ತಿ ಬಾಗಿಲ ಹಿಂದಿನಿಂದ, ಸಮಾಧಾನದಿಂದ. "ಅವು ಚನ್ನವ್ವನ ಲೆಕ್ಕಕ್ಕ."

ಅವ್ವ ಅಂದು ಆ ಲೆಕ್ಕ ಒಪ್ಪಿಕೊಂಡಳು.

ನಾನು ಅಕ್ಕಲಕೋಟಕ್ಕೆ ಸೊಸೆಯಾಗಿ ಹೋದಾಗ ಆ ಮನೆಯಲ್ಲಿ ಕಂದೀಲು ಬಿಟ್ಟರೆ ಗಾಜಿರಲಿಲ್ಲ. ಹುಡುಗಿ ಗಾಜಿನ ಮನೆಯಿಂದ ಬಂದಿದ್ದಾಳೆ, ಬೇಸರಪಡಬಾರದು ಎಂದು ದೊಡ್ಡಪ್ಪ ಅಡುಗೆಮನೆಯ ಗೋಡೆ ಒಡೆಸಿ ಒಂದು ಸಣ್ಣ ಗಾಜು ಕೂರಿಸಿದರು. ಅದರಿಂದ ದನದ ಕೊಟ್ಟಿಗೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕೂರಿಸಿದ ದಿನವೇ ತಾವೇ ಅದಕ್ಕೆ ವಿಭೂತಿ ಹಚ್ಚಿದರು. ಪ್ರತಿ ಹಬ್ಬಕ್ಕೆ ನಮ್ಮವರು ಲಿಂಬಿ ನೀರು ಮಾಡಿಕೊಂಡು ಅದನ್ನು ಒರೆಸುತ್ತಿದ್ದರು, ಗುಂಡಗೇ ಒರೆಸುತ್ತಿದ್ದರು. ನಾನು ಬೈದು ಅವರ ಹಿಂದೆಯೇ ಇನ್ನೊಮ್ಮೆ ಅಡ್ಡಕ್ಕೆ ಒರೆಸುತ್ತಿದ್ದೆ. ಬಾಳಿಡೀ ಹೇಳಿದೆ, ಬಾಳಿಡೀ ಅವರು ಕಲಿಯುತ್ತಲೇ ಇದ್ದರು.

"ನಿಂತದ್ದು ನಿಮ್ಮತ್ತಿದು, ಮಲಗಿದ್ದು ನಿಮ್ಮವ್ವಂದು, ಗುಂಡಂದು ನಂದು" ಎನ್ನುತ್ತಿದ್ದರು. "ನಿಂದು ಯಾವುದು?"

"ನಾ ಒರಸಿದ್ರ ಗೆರಿನೇ ಉಳಿಯಂಗಿಲ್ಲ" ಎಂದು ನಾನು ಜಂಬದಿಂದ ಹೇಳುತ್ತಿದ್ದೆ.

ಅದು ಖರೆಯೂ ಆಯಿತು. ಅವರು ಹೋದ ಮೇಲೆ ಮಗನ ಮನೆಗೆ ಬಂದೆ. ಇಲ್ಲಿ ಗಾಜೇನೋ ಗೋಡೆಗಿಂತ ಹೆಚ್ಚಿದೆ, ಆದರೆ ಸುನಂದಾ ಒರೆಸಿದ ಗಾಜಿನಲ್ಲಿ ಯಾರ ಕೈಯೂ ಕಾಣುವುದಿಲ್ಲ. ಅಷ್ಟು ಚೊಕ್ಕಟ ಗಾಜಿನ ಮುಂದೆ ನನಗೆ ಎಷ್ಟೋ ಸಲ ಒಂಟಿ ಅನಿಸಿದೆ. ಹೇಳಿದರೆ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಇವತ್ತು ಮುಂಜಾನೆ ಎದ್ದು ಬಂದೆ. ಬಿಸಿಲು ಆ ಬಾಗಿಲ ಮೇಲೆ ಬಿದ್ದಿತ್ತು. ಸುನಂದಾ ನಾನು ಏಳುವ ಮೊದಲೇ ಗಾಜು ಒರೆಸಿದ್ದಳು. ಬಾಟಲಿ ಇನ್ನೂ ಅವಳ ಕೈಯಲ್ಲಿತ್ತು. ಆದರೆ ನನ್ನ ಹಣೆಯ ಮೂರು ಗೆರೆ ಹಾಗೆಯೇ ಇದ್ದವು. ಅವನ್ನು ಮುಟ್ಟಬಾರದೆಂದು ಅವುಗಳ ಸುತ್ತ ಬಳಸಿ ಬಳಸಿ ಒರೆಸಿದ್ದಳು. ಒಣಗಿದ ಮೇಲೆ ಅಲ್ಲಿ ಗೆರೆ ಎದ್ದಿತ್ತು. ಗುಂಡಗೆ.

ಹಂಗ ಗುಂಡಗ ಒರಸಬ್ಯಾಡ, ಎಂದು ಹೇಳಲು ನನ್ನ ಬಾಯಿ ತಾನಾಗಿಯೇ ತೆರೆಯಿತು. ಹೇಳಲಿಲ್ಲ. ತಂಬಿಗೆ ಹಿಡಿದು ನಿಂತೇ ಇದ್ದೆ.

"ಆಯಿ, ಗೆರಿ ಉಳದಾವೇನ್ರಿ?" ಎಂದು ಸುನಂದಾ ಬಾಟಲಿ ಎತ್ತಿದಳು.

"ಉಳದಾವ" ಎಂದೆ. "ಉಳೀಲಿ ಬಿಡು."